ಅರ್ಧಾಂಗಿಗೆ ಅಂಗದಾನ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕುಗಳ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸಿಂಧನೂರಿನ ಖಾಸಗಿ ಪಿಯು ಕಾಲೇಜೊಂದರ ಜೀವಶಾಸ್ತ್ರ ಉಪನ್ಯಾಸಕರೂ, ಐವತ್ತೆರಡು ವರ್ಷ ವಯಸ್ಸಿನವರೂ, ಎಪ್ಪತ್ತೊಂದು ಕಿಲೋ ತೂಕದವರೂ ಆದ ಶ್ರೀ ಸಂಗನಬಸವ ಅವರು ಚಹಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟು ಇಂದಿಗೆ ಸರಿಯಾಗಿ ನಲವತ್ತೊಂದು ದಿನ. ಮಂಡಲ ತುಂಬಲು ಇನ್ನು ಏಳೇ ದಿನ ಬಾಕಿ. ಇಂಥ ಸಂಗತಿಯನ್ನು ಕಲ್ಲಿನ ಮೇಲೆ ಕೆತ್ತಿಸಬೇಕಿತ್ತು, ಮಸ್ಕಿಯಲ್ಲಿ ಬಂಡೆಗೇನೂ ಬರವಿಲ್ಲ. ಆದರೂ ಯಾರೂ ಕೆತ್ತಿಸಲಿಲ್ಲ.

ಘೋಷಣೆ ಮಾಡಿದವನೂ ಸಂಗನಬಸವನೇ, ಅದನ್ನು ಕೇಳಿಸಿಕೊಂಡವನೂ ಅವನೇ. ಮಂಗಳವಾರ, ಬೆಳಿಗ್ಗೆ ಆರೂಮುಕ್ಕಾಲು. ಅಡುಗೆಮನೆಯ ಕಟ್ಟೆಯ ಮೇಲೆ ಅಶ್ವಿನಿ ತನ್ನ ಇಡೀ ದಿನದ ನೀರನ್ನು ಅಳೆದು ಸ್ಟೀಲಿನ ತಂಬಿಗೆಗೆ ಹಾಕುತ್ತಿದ್ದಳು. ಡಾಕ್ಟರು ಮುಕ್ಕಾಲು ಲೀಟರ್ ಅಂದಿದ್ದರು. ಔಷಧಿ ನುಂಗಿದ ನೀರೂ ಅದರಲ್ಲೇ, ಬಾಯಿ ಮುಕ್ಕಳಿಸಿ ನುಂಗಿದ ಗುಟುಕೂ ಅದರಲ್ಲೇ. ಕಿಟಕಿಯಾಚೆ ಕಾಲುವೆ ತುಂಬಿ ಹರಿಯುತ್ತಿತ್ತು, ಇಡೀ ತಾಲೂಕು ಮೊಣಕಾಲಮಟ್ಟ ನೀರಿನಲ್ಲಿ ನಿಂತು ಭತ್ತ ನಾಟಿ ಮಾಡುತ್ತಿತ್ತು. ತನ್ನ ಹೆಂಡತಿ ಮಾತ್ರ ನೀರಿನ ಮೇಲೆ ಗೆರೆ ಎಳೆಯುತ್ತಾಳೆ ಅಂತ ಅವನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಯಾರಿಗಾದರೂ ಹೇಳಿದರೆ ಚೆನ್ನಾಗಿ ಕೇಳಿಸಬಹುದು ಅಂತಲೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಕೂಡಲೇ ನಾಚಿಕೆಯಾಯಿತು.

"ನಲವತ್ತೊಂದು ದಿನ ಆತು ನೋಡು," ಅಂದ.

"ಯಾತಕ್ಕ?"

"ಸಕ್ರಿ ಬಿಟ್ಟು."

"ಹ್ಞೂಂ," ಅಂದಳು ಅಶ್ವಿನಿ, ತಂಬಿಗೆಯಿಂದ ಕಣ್ಣು ಕೀಳದೆ. "ನಾ ಉಪ್ಪು ಬಿಟ್ಟು ಮೂರು ವರ್ಷ ಆತು. ಯಾರೂ ಎಣಿಸಲಿಲ್ಲ."

ಸಕ್ಕರೆ ಬಿಟ್ಟದ್ದು ಶೋಕಿಗಲ್ಲ. ಅಶ್ವಿನಿಯ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಮೂರು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ಲಿಂಗಸುಗೂರಿಗೆ ಹೋಗಿ ಯಂತ್ರಕ್ಕೆ ರಕ್ತ ಒಪ್ಪಿಸಿ ತೊಳೆಸಿಕೊಂಡು ಬರಬೇಕು. ಸೂಜಿ ಚುಚ್ಚಲು ಎಡಗೈಯಲ್ಲಿ ಮಾಡಿದ ಎರಡು ರಕ್ತನಾಳದ ಜೋಡಣೆಗಳು ಆಗಲೇ ಮುಚ್ಚಿಹೋಗಿದ್ದವು, ಈಗಿನದು ಮೂರನೆಯದು, ಬಲಗೈಯದು. ಅದೂ ಹೋದರೆ ಜಾಗವಿಲ್ಲ, ಹೆಚ್ಚೆಂದರೆ ವರ್ಷ ಒಂದೂವರೆ ವರ್ಷ ಅಂತ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಡಾಕ್ಟರು ಸಂಗನಬಸವನನ್ನು ಹೊರಗೆ ಕರೆದು ಹೇಳಿದ್ದರು. ಆ ಕ್ಷಣವೇ ಅವನು ತನ್ನದೊಂದು ಕೊಡುತ್ತೇನೆ ಅಂದಿದ್ದ. ಎಷ್ಟು ಬೇಗ ಅಂದನೆಂದರೆ ಡಾಕ್ಟರೇ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಪರೀಕ್ಷೆಗಳು. ರಕ್ತದ ಗುಂಪು ಇಬ್ಬರದೂ ಒಂದೇ. ಸಕ್ಕರೆ ಗಡಿಯ ಮೇಲಿತ್ತು, ಇಳಿಸಿದ. ಸ್ಕ್ಯಾನ್ ಮಾಡಿದವನು "ಸರ್, ನಿಮ್ಮ ಕಿಡ್ನಿ ಪುಸ್ತಕದಾಗಿನ ಚಿತ್ರ ಇದ್ದಂಗ ಅದಾವ" ಅಂದಾಗ ಮೈಯೆಲ್ಲ ಜುಮ್ಮೆಂದಿತ್ತು. ಜೀವಮಾನದಲ್ಲಿ ಅವನ ಯಾವ ಭಾಗವನ್ನೂ ಯಾರೂ ಹೊಗಳಿರಲಿಲ್ಲ. ಎಡಗಡೆಯದು ಅಂತ ತೀರ್ಮಾನವಾಯಿತು, ಮುಂದಿನ ಗುರುವಾರ ಅಂತ ದಿನವೂ ಗೊತ್ತಾಯಿತು. ಇನ್ನು ಉಳಿದದ್ದು ಒಂದೇ: ಅಶ್ವಿನಿಯ ರಕ್ತದ ತಿಳಿಯನ್ನೂ ಅವನ ರಕ್ತದ ಬಿಳಿ ಕೋಶಗಳನ್ನೂ ಒಂದು ಗಾಜಿನ ನಳಿಕೆಯಲ್ಲಿ ಕೂಡಿಸಿ, ಏನಾಗುತ್ತದೆ ಅಂತ ನೋಡುವ ಕ್ರಾಸ್‌ಮ್ಯಾಚ್. ಶನಿವಾರ ಹುಬ್ಬಳ್ಳಿಗೆ ಹೋಗಿ ರಕ್ತ ಕೊಟ್ಟಾಗಿತ್ತು. ಇವತ್ತು ಮಧ್ಯಾಹ್ನದೊಳಗೆ ಫೋನು ಬರಬೇಕು. ಹೊಂದಿತು ಅಂತ ಬಂದರೆ ಗುರುವಾರ ಅವಳು ಬದುಕುತ್ತಾಳೆ, ತಾನು ಅವಳೆದುರು ಕಣ್ಣೆತ್ತಿ ಕೂಡುತ್ತೇನೆ. ಇವೆರಡರಲ್ಲಿ ಯಾವುದು ತನಗೆ ಹೆಚ್ಚು ಬೇಕು ಅಂತ ಅವನು ತನ್ನನ್ನು ಕೇಳಿಕೊಂಡಿರಲಿಲ್ಲ. ಪಠ್ಯದಲ್ಲಿಲ್ಲದ ಪ್ರಶ್ನೆ ಅದು.

ಬಸ್‌ಸ್ಟ್ಯಾಂಡಿನಲ್ಲಿ ನಾಸೀರ್ ಕಾಯುತ್ತಿದ್ದ. ಭೌತಶಾಸ್ತ್ರದ ಸಹೋದ್ಯೋಗಿ, ಹದಿನೆಂಟು ವರ್ಷದ ಗೆಳೆಯ, ಕಾಲೇಜಿನಲ್ಲಿ ಯಾರದ್ದಾದರೂ ಸನ್ಮಾನವಿದ್ದರೆ ಶಾಲಿನ ಬಣ್ಣದಿಂದ ಹಿಡಿದು ಹಾರದ ಉದ್ದದವರೆಗೆ ಎಲ್ಲ ಅವನದೇ. ಮೊಬೈಲು ಮುಂದೆ ಹಿಡಿದ. ಪರದೆಯ ಮೇಲೆ ಸಂಗನಬಸವನ ಸೂಟಿನ ಫೋಟೋ, ಅದರ ಹಿಂದೆ ಎರಡು ಕೆಂಪು ಮೂತ್ರಪಿಂಡಗಳು ರೆಕ್ಕೆಗಳಂತೆ ಹರಡಿಕೊಂಡಿದ್ದವು. ಮೇಲೆ ಪ್ರಿನ್ಸಿಪಾಲರು, ಆಡಳಿತ ಮಂಡಳಿ. ಕೆಳಗೆ ಹಳದಿ ಅಕ್ಷರ: ಅರ್ಧಾಂಗಿಗೆ ಅಂಗದಾನ, ಅಪರೂಪದ ಅಧ್ಯಾಪಕ.

"ಹೆಂಗೈತ್ರೀ ಗುರುಗಳೇ? ನಾಕು ಅಕಾರ ಬಂದಾವ. ಕನ್ನಡ ಮಾಸ್ತರ ಕೈಯಿಂದ ಬರೆಸಿದ್ದಲ್ಲ ಮತ್ತ, ನಂದೇ ಸ್ವಂತ," ಅಂದ ನಾಸೀರ್. "ಭಾಬಿ, ನೀವೂ ಜರಾ ನೋಡ್ರಿ."

ಅಶ್ವಿನಿ ಬಗ್ಗಿ ನೋಡಿದಳು. "ಇದ್ರಾಗ ನಾ ಎಲ್ಲದೀನಿ?"

"ಇಲ್ರೀ, ಇಲ್ಲಿ ಕೆಳಗ ಮೂಲ್ಯಾಗ. ಬಿಳೀ ಹೂವಿನ ಬಾರ್ಡರ್ ಹಾಕಿಸೀನಿ."

"ಚಲೋ ಐತಿ," ಅಂದಳು. "ಸತ್ತೋರ ಫೋಟೋಕ್ಕ ಹಾಕ್ತಾರಲ್ಲ, ಹಂಗೇ ಐತಿ. ಎರಡನೇ ಸರ್ತಿ ಖರ್ಚು ಉಳಿತು ಬಿಡ್ರಿ."

ನಾಸೀರ್ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. "ತೋಬಾ ತೋಬಾ, ಏನ್ ಮಾತಾಡ್ತೀರಿ ಭಾಬಿ," ಅಂದು ಸಂಗನಬಸವನ ಕಡೆ ನೋಡಿದ. ಸಂಗನಬಸವ ಬಸ್ಸಿನ ಬೋರ್ಡು ಓದುತ್ತಿದ್ದ. ಓದಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ, ಲಿಂಗಸುಗೂರು ಅಂತಷ್ಟೇ ಇತ್ತು.

ಬಸ್ಸು ಊರು ಬಿಟ್ಟಿತು. ಎರಡೂ ಕಡೆ ಕೆಸರು ಗದ್ದೆ, ಸಾಲಾಗಿ ಬಗ್ಗಿದ ಹೆಂಗಸರು. ಮಡಿಯಿಂದ ಕಿತ್ತ ಸಸಿಯ ಬೇರು ತೊಳೆದು ಬೇರೆ ಕೆಸರಿಗೆ ಒತ್ತುತ್ತಾರೆ, ಕೆಸರು ನೀನು ಯಾರು ಅಂತ ಕೇಳುವುದಿಲ್ಲ. ಮೂರು ದಿನ ಹಳದಿಯಾಗಿ ನಿಂತದ್ದು ನಾಲ್ಕನೆಯ ದಿನ ಹಸಿರಾಗುತ್ತದೆ. ದೇಹ ಕೇಳುತ್ತದೆ. ಇಪ್ಪತ್ತಾರು ವರ್ಷ ಅವನು ಆ ಪಾಠ ಮಾಡಿದ್ದ. ರೋಗನಿರೋಧ ಅಂತ ಹಲಗೆಯ ಮೇಲೆ ಬರೆದ ಕೂಡಲೇ ಹಿಂದಿನ ಬೆಂಚು ನಿರೋಧ್ ನಿರೋಧ್ ಅಂತ ಕಿಸಕ್ಕೆನ್ನುತ್ತಿತ್ತು, ಅವನು ಡಸ್ಟರು ಕುಟ್ಟಿ ಮುಂದೆ ಹೋಗುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಪರಊರವನೊಬ್ಬ ಇಳಿದ ಅಂತ ತಿಳೀರಿ. ಅವನೇ ಪ್ರತಿಜನಕ. ನಮ್ಮ ಕಡೆಯ ಕೋಶವೊಂದು ಅವನ ಅಂಗಿಯ ಚೂರು ಹರಿದುಕೊಂಡು ಚಾವಡಿಗೆ ಓಡುತ್ತದೆ, ಇಂಥವನು ಬಂದಾನ ನೋಡ್ರಿ ಅಂತ ತೋರಿಸುತ್ತದೆ. ಚಾವಡಿಯಲ್ಲಿ ಕೂತ ಸಹಾಯಕ ಕೋಶ ಅಂಗಿಯ ನೂಲು ಗುರುತು ಹಿಡಿದು ಡಂಗುರ ಹೊಡೆಸುತ್ತದೆ. ಡಂಗುರ ಕೇಳಿ ಒಂದು ಗುಂಪು ಪ್ರತಿಕಾಯ ತಯಾರಿಸಲು ಕೂಡುತ್ತದೆ, ಇನ್ನೊಂದು ಗುಂಪು ಕುಡುಗೋಲು ಹಿಡಿದು ಹೊರಡುತ್ತದೆ. ಕಟ್ಟೆಯ ಮೇಲಿನ ಮುದುಕಿಯಂತೆ ಒಂದು ಕೋಶ ಏನೂ ಮಾಡದೆ ಸುಮ್ಮನೆ ಮುಖ ನೋಡಿಟ್ಟುಕೊಳ್ಳುತ್ತದೆ, ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ. ಇದು ಐದು ಮಾರ್ಕಿಗೆ ಬರುತ್ತದೆ. ಇದರ ಕೆಳಗೆ ಇನ್ನೊಂದು ಪ್ಯಾರಾ ಇತ್ತು. ಇಷ್ಟೂ ಜನರನ್ನು ಯಾರಾದರೂ ತಡೆಯದಿದ್ದರೆ ಊರಿನವರೇ ಊರು ಸುಡುತ್ತಾರೆ. ಅದಕ್ಕೇ ನಿಯಂತ್ರಕ ಕೋಶ ಅಂತ ಒಂದಿದೆ. ಕಾಲುವೆಯ ಲಸ್ಕರ್ ತೂಬಿನ ಗೇಟು ಇಳಿಸುವ ಹಾಗೆ ಅದು ಬಂದು ಸಾಕು ಅನ್ನುತ್ತದೆ. ಡಂಗುರದವನ ಕೋಲು ಹಿಡಿಯುತ್ತದೆ, ಕುಡುಗೋಲಿನವನ ಹೆಗಲ ಮೇಲೆ ಕೈ ಇಡುತ್ತದೆ. ಆ ಪ್ಯಾರಾ ಹದಿನಾಲ್ಕು ವರ್ಷದಿಂದ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ. ಆದ್ದರಿಂದ ಸಂಗನಬಸವ ಪ್ರತಿ ವರ್ಷ ಅದನ್ನು ಓದದೆಯೇ, "ಇದು ಬರಂಗಿಲ್ಲ, ಕಾಟು ಹಾಕ್ರಿ" ಅನ್ನುತ್ತಿದ್ದ. ಎಪ್ಪತ್ತು ಪೆನ್ನುಗಳು ಒಟ್ಟಿಗೆ ಕಾಟು ಹಾಕುವ ಸದ್ದು ಅವನಿಗೆ ಇಷ್ಟ.

ಹೋದ ವರ್ಷ ಗೊರೇಬಾಳದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕಾಟು ಹಾಕದೆ ಎದ್ದು ನಿಂತಿದ್ದಳು.

"ಸರ್, ಹೊಟ್ಯಾಗಿನ ಕೂಸು ಅರ್ಧ ಅಪ್ಪಂದು ಅಲ್ಲರಿ? ಅಂದ್ರ ಅವ್ವಗ ಅದು ಅರ್ಧ ಪರಊರಿಂದು. ಹಂಗಿದ್ರ ಅದನ್ನ ಒಂಬತ್ತು ತಿಂಗಳು ಯಾಕ ಬಿಟ್ಟಿರ್ತಾವ್ರೀ ಈ ಕೋಶ?"

"ಪರೀಕ್ಷಾಕ್ಕ ಬರತೈತೇನು?"

"ಗೊತ್ತಿಲ್ರಿ."

"ನನಗ ಗೊತ್ತೈತಿ. ಬರಂಗಿಲ್ಲ. ಕೂಡು."

ಹುಡುಗಿ ಕೂತಳು. ಪ್ರಶ್ನೆ ನಿಂತೇ ಇತ್ತು. ಹೋದ ತಿಂಗಳು, ಆಸ್ಪತ್ರೆಯವರು ಕೊಟ್ಟ ಕಾಗದಗಳನ್ನು ಓದುವಾಗ, ತಾನೇ ಕಾಟು ಹಾಕಿಸಿದ ಪ್ಯಾರಾವನ್ನು ಅವನು ಮೊದಲ ಸಲ ಪೂರ್ತಿ ಓದಿದ. ಬಸುರಿಯ ಮೈಯಲ್ಲಿ ನಿಯಂತ್ರಕ ಕೋಶಗಳು ಹೆಚ್ಚುತ್ತವೆ. ಗಂಡನ ಗುರುತು ಹೊತ್ತ ಕೂಸಿನ ಸುತ್ತ ಕೈ ಕೈ ಹಿಡಿದು ನಿಂತು, ಉಳಿದವರಿಗೆ ಇದನ್ನು ಮುಟ್ಟಬೇಡಿ ಅನ್ನುತ್ತವೆ. ಜನಕ ಅಂದರೆ ಅಪ್ಪ. ಪ್ರತಿಜನಕ ಅನ್ನುವ ಪದವನ್ನು ಇಪ್ಪತ್ತಾರು ವರ್ಷ ಹಲಗೆಯ ಮೇಲೆ ಬರೆದರೂ ಅದರೊಳಗೆ ಕೂತ ಅಪ್ಪ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಕೂಸು ಹೊರಬಂದ ಮೇಲೆ ಕಾವಲು ಚೆದುರುತ್ತದೆ. ಕಟ್ಟೆಯ ಮುದುಕಿ ಮಾತ್ರ ಉಳಿಯುತ್ತಾಳೆ, ನೋಡಿಟ್ಟುಕೊಂಡ ಮುಖದ ಸಮೇತ. ಕೂಸು ತಾನಾಗಿ ಹೊರಬಂದರೂ ಅಷ್ಟೇ, ಬೇರೆಯವರು ಹೊರಗೆ ತೆಗೆದರೂ ಅಷ್ಟೇ. ಅಲ್ಲಿಗೆ ಓದುವುದನ್ನು ನಿಲ್ಲಿಸಿ ಅವನು ಕನ್ನಡಕ ಒರೆಸಿಕೊಂಡಿದ್ದ. ಎಲ್ಲರಿಗೂ ಹಾಗಾಗುವುದಿಲ್ಲ ಅಂತಲೂ ಬರೆದಿತ್ತು. ಆ ಸಾಲನ್ನು ಎರಡು ಸಲ ಓದಿದ.

ಅಶ್ವಿನಿ ಕಿಟಕಿಯ ಸರಳಿಗೆ ತಲೆ ಆನಿಸಿದ್ದಳು. ಬಲಗೈಯನ್ನು ತೊಡೆಯ ಮೇಲೆ ಬೇರೆಯವರ ಸಾಮಾನಿನ ಹಾಗೆ ಇಟ್ಟುಕೊಂಡಿದ್ದಳು, ಮುಂಗೈಯ ಮೇಲೆ ಊದಿದ ನಾಳ ಹಾವಿನ ಮರಿಯಂತೆ ಮಿಡಿಯುತ್ತಿತ್ತು. ಹಿಂದೆ, ಹೊಳೆ ದಾಟಿ ಹೋಗಿದ್ದ ಬಾಡಿಗೆ ಜೀಪಿನಲ್ಲಿಯೂ ಅವಳು ಹೀಗೇ ಕಿಟಕಿಗೆ ತಲೆ ಆನಿಸಿದ್ದಳು. ಮಗಳು ಹುಟ್ಟಿ ಎರಡು ವರ್ಷವಾಗಿತ್ತು. ಹೊಳೆ ಆಚೆ ಸ್ಕ್ಯಾನ್ ಮಾಡುವ ಡಾಕ್ಟರೊಬ್ಬನಿದ್ದ, ಹೆಸರಿಲ್ಲದ ಬಾಗಿಲು, ಬಾಯಿಂದ ಏನೂ ಹೇಳುವುದಿಲ್ಲ. ಸ್ಕ್ಯಾನು ಮುಗಿಸಿ ಚೀಟಿಗೆ ಸಹಿ ಹಾಕುವಾಗ ನೀಲಿ ಪೆನ್ನು ತೆಗೆದರೆ ಗಂಡು, ಕೆಂಪು ಪೆನ್ನು ತೆಗೆದರೆ ಹೆಣ್ಣು. ಕೆಂಪು ಪೆನ್ನು ತೆಗೆದ. ಸಂಗನಬಸವನಿಗೆ ಕೆಂಪು ಪೆನ್ನು ಹೊಸದೇನಲ್ಲ. ಎರಡು ವರ್ಷ ಬಿಟ್ಟು ಮತ್ತೆ ಹೋದರು, ಮತ್ತೆ ಕೆಂಪು. ಇನ್ನೆರಡು ವರ್ಷ ಬಿಟ್ಟು ಮತ್ತೆ. ಹೆಣ್ಣೋ ಗಂಡೋ ನಿರ್ಧರಿಸುವುದು ಗಂಡಸಿನ ವರ್ಣತಂತು ಅಂತ ಪ್ರತಿ ಜುಲೈನಲ್ಲಿ ಪಾಠ ಮಾಡುವ ಮನುಷ್ಯ ಮೂರು ಸಲ ಹೆಂಡತಿಯನ್ನು ಕೂಡಿಸಿಕೊಂಡು ಹೊಳೆ ದಾಟಿದ. ವಾಪಸು ಬರುವಾಗ ಮುಕ್ಕುಂದದ ಹತ್ತಿರ ಜೀಪು ನಿಲ್ಲಿಸಿ ಅವಳು ವಾಂತಿ ಮಾಡಿಕೊಂಡಳು, ಅವನು ನೀರಿನ ಬಾಟಲಿ ಹಿಡಿದು ನಿಂತು ಹೊಳೆಯಲ್ಲಿ ನೀರು ಎಷ್ಟಿದೆ ಅಂತ ನೋಡಿದ. "ಅವ್ವಗ ಮೊಮ್ಮಗ ಬೇಕಂತ" ಅಂತ ಅವಳಿಗೆ ಹೇಳಿದ್ದ. ಅವನ ಅವ್ವ ಸಂಗಮ್ಮ ಹಾಗೆ ಒಂದು ದಿನವೂ ಕೇಳಿದವಳಲ್ಲ. ಅವಳು ಸತ್ತು ಹತ್ತು ವರ್ಷವಾಯಿತು, ಆಪಾದನೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಹೋದಳು, ಅಲ್ಲಗಳೆಯಲು ಅವಳಿಗೆ ಗೊತ್ತಿರಬೇಕಲ್ಲ.

ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಅಶ್ವಿನಿಯ ತವರು ಅದು. ಅವಳ ತಾಯಿ ಕನಕಮ್ಮ ಪ್ರತಿ ಮಂಗಳವಾರ, ಶುಕ್ರವಾರ ಉಪ್ಪಿಲ್ಲದ ರೊಟ್ಟಿಯ ಡಬ್ಬಿ ಹಿಡಿದು ಕಿಟಕಿಯ ಕೆಳಗೆ ಬಂದು ನಿಲ್ಲುತ್ತಾಳೆ. ಅಳಿಯನ ಜೊತೆ ನೇರವಾಗಿ ಮಾತು ಬಿಟ್ಟು ಹದಿನೈದು ವರ್ಷದ ಮೇಲಾಗಿತ್ತು. ಜಗಳವಾಡಿ ಬಿಟ್ಟದ್ದಲ್ಲ. ಬಾಗಿಲ ಸಂದಿಯಲ್ಲಿ ಗೆದ್ದಲು ಬೆಳೆದಂತೆ ತಾನಾಗಿಯೇ ಆದದ್ದು. ಇವತ್ತು ಅವಳ ಜೊತೆ ಪಕ್ಕದ ಮನೆಯ ಮಾಬುಬೀಯೂ ಕೋಲು ಊರಿಕೊಂಡು ಬಂದಿದ್ದಳು.

"ಅಳಿಯದೇವ್ರು ನಾಷ್ಟಾ ಮಾಡ್ಯಾರೇನು ಕೇಳವ್ವ," ಅಂದಳು ಕನಕಮ್ಮ ಮಗಳಿಗೆ.

"ಮಾಡ್ಯಾರ. ಸಕ್ರಿ ಇಲ್ಲದ ಚಾ ಕುಡದಾರ," ಅಂದಳು ಅಶ್ವಿನಿ.

"ಅಯ್ಯ ನನ್ನವ್ವಾ, ಎಷ್ಟು ಸೊರಗೀದಿ ಬೇ," ಅಂತ ಮಾಬುಬೀ ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಅಶ್ವಿನಿಯ ಗಲ್ಲ ಸವರಿದಳು. "ಮೂರು ಸರ್ತಿ ನಿನಗ ಕಾಮಣಿ ಆದಾಗ ನನ್ನ ಕೈ ಔಷಧಾನ ಬದುಕಿಸ್ತು ನೋಡು. ಹನ್ನೊಂದು ಹನ್ನೊಂದು ದಿನ ಹಸೇ ಎಲಿ ಅರದು ಕುಡಿಸಿನಿ. ಈ ಹಾಳಾದ ಕಿಡ್ನಿಗೆ ನನ್ನ ಹತ್ರ ಎಲಿ ಇಲ್ಲವ್ವ, ಇದ್ದಿದ್ರ ಕುಡಿಸತಿದ್ದಿಲ್ಲೇನು ನಾನು."

ಕನಕಮ್ಮ ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು. ಆ ಮೂರು ಸಲವೂ ಅಶ್ವಿನಿಯನ್ನು ನೇರವಾಗಿ ತವರಿಗೆ ತಂದು ಇಳಿಸಲಾಗಿತ್ತು. ಕೂಸಿಲ್ಲದ ಬಾಣಂತನ. ಎಣ್ಣೆ ಹಚ್ಚಿ ಎರೆಯುವಂತಿಲ್ಲ, ಬೆಳ್ಳುಳ್ಳಿ ಹುರಿದರೆ ವಾಸನೆ ಓಣಿಗೆ ಹೋಗುತ್ತದೆ, ತೊಟ್ಟಿಲು ಅಟ್ಟದಿಂದ ಇಳಿಯುವಂತಿಲ್ಲ. ಯಾಕೆ ಮಲಗಿದ್ದಾಳೆ ಅಂತ ಕೇಳಿದವರಿಗೆ ಕಾಮಾಲೆ, ಕಾಮಣಿ ಅನ್ನಬೇಕೆಂದು ಹೇಳಿಕೊಟ್ಟವನು ಸಂಗನಬಸವನೇ. ಮುಖ ಬಿಳಿಚಿಕೊಂಡದ್ದಕ್ಕೂ ಸುಸ್ತಿಗೂ ಅದು ಹೊಂದುತ್ತದೆ ಅಂತ ಜೀವಶಾಸ್ತ್ರದ ಜ್ಞಾನ ಬಳಸಿ ಆರಿಸಿದ್ದ. ಆದರೆ ಪಕ್ಕದ ಮನೆಯಲ್ಲಿ ಇಡೀ ಮಸ್ಕಿಗೆ ಕಾಮಣಿ ಔಷಧ ಕೊಡುವ ಮಾಬುಬೀ ಇದ್ದಾಳೆ ಅನ್ನುವುದನ್ನು ಆ ಜ್ಞಾನ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವಳು ಬೆಳಗಿನ ನಮಾಜು ಮುಗಿಸಿ, ಪುಕ್ಕಟೆಯಾಗಿ, ಪ್ರೀತಿಯಿಂದ, ಹಸಿರು ರಸದ ಬಟ್ಟಲು ಹಿಡಿದು ಬಂದು ತಲೆದಿಂಬಿನ ಹತ್ತಿರ ಕೂತಳು. ಬೇಡ ಅಂದರೆ ಇಲ್ಲದ ರೋಗದ ನಿಜ ಹೊರಬೀಳುತ್ತಿತ್ತು. ಅಶ್ವಿನಿ ಕುಡಿದಳು. ಮೂರು ಸಲ ಹನ್ನೊಂದು. ಮೊನ್ನೆ ಹುಬ್ಬಳ್ಳಿಯಲ್ಲಿ ಡಾಕ್ಟರು, ಎಂದಾದರೂ ನಾಟಿ ಔಷಧ ತೆಗೆದುಕೊಂಡಿದ್ದುಂಟಾ ಅಂತ ಕೇಳಿದರು. ಅದರಿಂದಲೇ ಮೂತ್ರಪಿಂಡ ಹೋಗಿರಬಹುದಾ ಅಂತ ಅವನು ಹೆದರುತ್ತಾ ಕೇಳಿದಾಗ ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

"ಗುರುವಾರ ಇವರದೊಂದು ತೆಗೆದು ನನಗ ಹಾಕ್ತಾರ," ಅಂದಳು ಅಶ್ವಿನಿ.

"ಖುದಾ ಚಲೋ ಇಡ್ಲಿ," ಅಂದಳು ಮಾಬುಬೀ ಸಂಗನಬಸವನ ಕಡೆ ತಿರುಗಿ. "ಇಂಥಾ ಗಂಡ ಯಾರಿಗೆ ಸಿಗತಾನ್ರೀ ಮಾಸ್ತರ?"

ಕನಕಮ್ಮ ಅವನನ್ನು ನೋಡಿದಳು, ಒಂದು ಸಲ ಮಾತ್ರ. ಕಂಡಕ್ಟರ್ ಸೀಟಿ ಊದಿದ.

ಮಸ್ಕಿ ದಾಟಿದ ಮೇಲೆ ಗದ್ದೆ ಮುಗಿದು ತೊಗರಿ ಹೊಲ. ನೀರಿನ ವಾಸನೆ ನಿಂತು ಧೂಳಿನ ವಾಸನೆ ಹಿಡಿಯಿತು. ಆ ನಳಿಕೆ ಈಗ ಎಲ್ಲಿರಬಹುದು? ಯಾವುದೋ ತಣ್ಣನೆಯ ಕೋಣೆಯಲ್ಲಿ, ಯಾರದೋ ಕೈಗವಸಿನ ಬೆರಳುಗಳ ನಡುವೆ, ಬೆಳಕಿಗೆ ಹಿಡಿದದ್ದು. ಅದರೊಳಗೆ ಅವರಿಬ್ಬರೇ. ಅಷ್ಟು ಹತ್ತಿರ ಅವರು ಎಷ್ಟೋ ವರ್ಷದಿಂದ ಇರಲಿಲ್ಲ. ಮನೆಯಲ್ಲಿ ಅಶ್ವಿನಿ ಅವನನ್ನು ಬೈದವಳಲ್ಲ, ಅಡುಗೆ ಬಿಟ್ಟವಳಲ್ಲ, ಅವನ ಅಂಗಿಯ ಗುಂಡಿ ಹಚ್ಚದೆ ಇದ್ದವಳಲ್ಲ. ಅವಳೊಳಗೆ ಯಾರೋ ನಿಂತು ಎಲ್ಲದರ ಹೆಗಲ ಮೇಲೆ ಕೈ ಇಟ್ಟು ಸಾಕು, ಸಾಕು ಅನ್ನುತ್ತಿದ್ದರು. ಆ ಯಾರೋ ನಳಿಕೆಯೊಳಗೂ ಇಳಿದಿರುತ್ತಾರಾ? ಮೇಲೆ ತೇಲುವ ತಿಳಿಯಲ್ಲಿ ಕಾವಲಿನವರು ಬರುವುದಿಲ್ಲ, ಬರುವುದು ಪ್ರತಿಕಾಯದ ಆಯುಧ ಮಾತ್ರ, ಅಷ್ಟು ಅವನಿಗೆ ಗೊತ್ತಿತ್ತು.

"ಅಶ್ವಿನಿ, ನನ್ನದು ತಗೊಳ್ಳಾಕ ನಿನಗ ಮನಸೈತಿಲ್ಲೋ?" ಅಂತ ಕೇಳಿಬಿಟ್ಟ. ಎರಡು ತಿಂಗಳಿಂದ ಕೇಳಬೇಕೆಂದುಕೊಂಡದ್ದು.

ಅವಳು ಸರಳಿನಿಂದ ತಲೆ ಎತ್ತಿದಳು. "ಕೇಳೀರಿ ಬಿಡ್ರಿ. ಹಿಂದಕ್ಕೂ ಒಂದು ಸರ್ತಿ ಕೇಳಿದ್ರ ಬೇಷಿತ್ತು."

ಡಯಾಲಿಸಿಸ್ ಕೇಂದ್ರದ ಹಾಲಿನಲ್ಲಿ ಐದು ಕುರ್ಚಿ, ಐದು ಯಂತ್ರ. ಅಶ್ವಿನಿಯದು ಕಿಟಕಿಯ ಪಕ್ಕದ್ದು. ಅರ್ಜುಮಂದ್ ಅನ್ನುವ ತಂತ್ರಜ್ಞೆ, ಇಪ್ಪತ್ತಾರು ವರ್ಷದ ಚುರುಕಿನ ಹುಡುಗಿ, ಮುಂಗೈಯ ಮೇಲೆ ಕಿವಿ ಇಟ್ಟು ನಾಳದ ಸದ್ದು ಆಲಿಸಿದಳು. ಪ್ರತಿ ಸಲ ನಗುತ್ತಿದ್ದವಳು ಇವತ್ತು ನಗಲಿಲ್ಲ, ಇನ್ನೊಮ್ಮೆ ಕಿವಿ ಇಟ್ಟಳು. "ಜರಾ ಸಣ್ಣಗ ಕೇಳಸ್ತೈತಿ ಕಾಕಿ," ಅಂದು ಎರಡು ಸೂಜಿ ಚುಚ್ಚಿದಳು. ಕೊಳವೆಗಳು ಕೆಂಪಾದವು, ಯಂತ್ರ ತಿರುಗಿತು. ಪಕ್ಕದ ಕುರ್ಚಿಯ ಗದ್ದೆಪ್ಪ ಜವಳಗೇರಾದ ಹಳೆಯ ಟ್ರ್ಯಾಕ್ಟರ್ ಡ್ರೈವರ್, ನಾಲ್ಕು ವರ್ಷದಿಂದ ಅದೇ ಕುರ್ಚಿ, ಅದೇ ಜೋಕು.

"ಬಂದ್ರೇನ್ರೀ ಮಾಸ್ತರ! ಒಂದು ಅಕ್ಕಾಗ ಕೊಡ್ರಿ, ಇನ್ನೊಂದು ನನಗ ಕೊಡ್ರಿ. ನಿಮಗ್ಯಾತಕ್ಕ ಬೇಕು, ನೀವು ಬರೇ ಪಾಠ ಮಾಡೋರು."

"ಕಾಕಾ, ಮಾತಾಡಬ್ಯಾಡ್ರಿ, ಬಿಪಿ ಏರತೈತಿ," ಅಂದಳು ಅರ್ಜುಮಂದ್.

"ಏರ್ಲಿ ಬಿಡವ್ವ, ಜೀವನದಾಗ ನಂದು ಏರಿದ್ದು ಅದೊಂದ."

ಹನ್ನೊಂದೂಕಾಲಿಗೆ ನಾಸೀರನ ಸಂದೇಶ ಬಂತು: ಫ್ಲೆಕ್ಸು ಪ್ರಿಂಟಿಗೆ ಹೋತು, ಹತ್ತು ಬೈ ಎಂಟು. ಹನ್ನೊಂದೂವರೆಗೆ ಫೋನು ಹೊಡೆದುಕೊಂಡಿತು. ಹುಬ್ಬಳ್ಳಿ ಆಸ್ಪತ್ರೆಯ ಕಸಿ ವಿಭಾಗದ ಸಂಯೋಜಕಿ. ಆ ಹಾಲಿನಲ್ಲಿ ಸಿಗ್ನಲ್ ಸಿಗುವುದು ಅಶ್ವಿನಿಯ ಕಿಟಕಿಯ ಕಟ್ಟೆಯ ಮೇಲೆ ಮಾತ್ರ. ಫೋನನ್ನು ಅಲ್ಲಿ ಇಟ್ಟು ಸ್ಪೀಕರ್ ಹಾಕಲೇಬೇಕು. ಐದೂ ಕುರ್ಚಿ ಕಿವಿಯಾದವು.

"ಸರ್, ನಿಮ್ಮ ಕ್ರಾಸ್‌ಮ್ಯಾಚ್ ಬಂದದರಿ. ಪಾಸಿಟಿವ್ ಅದ."

"ಪಾಸಿಟಿವ್! ಹೋಳಿಗಿ ಮಾಡಸ್ರಿ ಮಾಸ್ತರ!" ಅಂತ ಗದ್ದೆಪ್ಪ ಸೂಜಿಯಿಲ್ಲದ ಕೈ ಎತ್ತಿದ. ಅರ್ಜುಮಂದ್ ತುಟಿಯ ಮೇಲೆ ಬೆರಳಿಟ್ಟಳು. ಅವಳ ಮುಖ ನೋಡಿ ಅವನ ಕೈ ಮೆಲ್ಲಗೆ ಕೆಳಗಿಳಿಯಿತು.

"ಅಂದ್ರ ಆಗಂಗಿಲ್ಲರಿ," ಅಂದಳು ಸಂಯೋಜಕಿ. "ಮೇಡಮ್ಮರ ರಕ್ತದಾಗ ನಿಮ್ಮ ವಿರುದ್ಧದ ಪ್ರತಿಕಾಯ ಮೊದ್ಲ ತಯಾರಾಗಿ ಕುಂತಾವ. ಕೂಡಿಸಿದ ಕೂಡಲೇ ನಿಮ್ಮ ಕೋಶ ಎಲ್ಲಾ ಸತ್ತಾವರಿ. ಎರಡು ಸಲ ಮಾಡಿ ನೋಡ್ಯಾರ. ಹಂಗೇ ಹಾಕಿದ್ರ ಕಿಡ್ನಿ ಟೇಬಲ್ ಮ್ಯಾಲೇ ಕರ್ರಗ ಆಗತದ."

ಸಂಗನಬಸವ ಕಿಟಕಿಯ ಕಟ್ಟೆ ಹಿಡಿದುಕೊಂಡ. "ಬ್ಲಡ್ ಗ್ರೂಪು ಒಂದೇ ಐತಲ್ರೀ. ಸಕ್ರಿ ಇಳಿಸೀನಿ. ಎಲ್ಲಾ ನಾರ್ಮಲ್ ಅಂದಿದ್ರಿ."

"ನಿಮ್ಮದೆಲ್ಲಾ ನಾರ್ಮಲ್ಲೇ ಅದರಿ ಸರ್."

"ಔಷಧ ಕೊಟ್ಟು ಕಡಿಮಿ ಮಾಡಾಕ ಬರ್ತೈತಂತ ಓದೀನಿ ನಾನು. ಪ್ರತಿಕಾಯ ಸೋಸಿ ತಗೀತಾರಂತ."

"ಸ್ವಲ್ಪ ಇದ್ರ ತಗೀತಾರರಿ. ಇವರದು ಬಹಳ ಜೋರದ. ಡಾಕ್ಟರು ಬ್ಯಾಡ ಅಂದಾರ."

"ಮಗಳು ಅದಾಳ. ಆಕಿನೂ ಕೊಡ್ತೀನಿ ಅಂದಿದ್ಲು, ನಾನ ಬ್ಯಾಡ ಅಂದಿದ್ದೆ."

"ಟೆಸ್ಟ್ ಮಾಡೋಣರಿ. ಆದ್ರ ಆಕಿ ಅರ್ಧ ನೀವೇ ಅಲ್ರೀ ಸರ್. ಯಾವ ಗುರುತಿನ ಮ್ಯಾಲೆ ಸಿಟ್ಟದನೋ ಆ ಗುರುತು ಆಕಿ ಕಡೆನೂ ಇರ್ತದ. ಹೆಚ್ಚಾಗಿ ಹೊಂದಂಗಿಲ್ಲರಿ."

ಅವನಿಗೆ ಒಮ್ಮೆಲೇ ವಿಚಿತ್ರವಾದ ಸಿಟ್ಟು ಬಂತು. ಕತ್ತರಿಸಿಕೊಳ್ಳಲು ತಯಾರಾಗಿ ಮಲಗಿದವನನ್ನು ಎಬ್ಬಿಸಿ ಮನೆಗೆ ಹೋಗು ಅಂದ ಹಾಗೆ. ಎಡಗಡೆಯ ಪಕ್ಕೆಯಲ್ಲಿ, ಎರಡು ತಿಂಗಳಿಂದ ತನ್ನದಲ್ಲ ಅಂದುಕೊಂಡಿದ್ದ ಜಾಗದಲ್ಲಿ, ಅದು ಭಾರವಾಗಿ ವಾಪಸು ಬಂದು ಕೂತಿತು. ಒಳಗೆ ಎಲ್ಲೋ, ಬಹಳ ಕೆಳಗೆ, ಉಳಿಯಿತಲ್ಲ ಅನ್ನುವ ಸಣ್ಣ ಸಮಾಧಾನವೂ ಅದರ ಜೊತೆಗೆ ಬಂದು ಕೂತಿತು. ಅದನ್ನು ಅವನು ಕಂಡ. ಅಶ್ವಿನಿಯ ಕಡೆ ತಿರುಗಲು ಧೈರ್ಯವಾಗಲಿಲ್ಲ.

"ಸರ್, ಕೇಳಾಕತ್ತೀರೇನ್ರೀ? ಮೇಡಮ್ಮರ ಹೆಸರು ಕಾಯೋರ ಪಟ್ಟಿಗೆ ಹಾಕ್ತೀನಿ, ಸತ್ತೋರ ಕಿಡ್ನಿ ಬಂದ್ರ ನೋಡೋಣ. ಟೈಮ್ ಹಿಡೀತದ. ಇಷ್ಟು ಜೋರು ಯಾಕದ ಅಂತ ಡಾಕ್ಟರು ಕೇಳ್ಯಾರ, ಒಂದಿಷ್ಟು ಕಾಲಮ್ ತುಂಬಬೇಕು. ಹಿಂದ ಎಂದಾದ್ರೂ ರಕ್ತ ಏರಿಸಿದ್ದದೇನ್ರೀ?"

"ಇಲ್ಲ," ಅಂದ ಸಂಗನಬಸವ.

"ಗರ್ಭ ಎಷ್ಟು ಸಲ ನಿಂತಿತ್ತರಿ?"

"ಒಂದು."

ಬಾಯಿ ತಾನಾಗಿ ಅಂದುಬಿಟ್ಟಿತ್ತು. ಹದಿನೆಂಟು ವರ್ಷ ರೇಷನ್ ಕಾರ್ಡಿಗೂ ಜನಗಣತಿಯವನಿಗೂ ಬೀಗರಿಗೂ ಕೊಟ್ಟ ಉತ್ತರ ಅದು. ಆಚೆ ಕಡೆ ಕೀಲಿಮಣೆಯ ಎರಡು ಸದ್ದು ಕೇಳಿತು.

ಅಶ್ವಿನಿ ಸೂಜಿಯಿಲ್ಲದ ಎಡಗೈ ಚಾಚಿ ಕಟ್ಟೆಯ ಮೇಲಿನ ಫೋನನ್ನು ಕಿಟಕಿ ಬಿಡದ ಹಾಗೆ ಎತ್ತಿಕೊಂಡಳು.

"ತಪ್ಪು ಬರಕೊಬ್ಯಾಡ್ರಿ. ರಕ್ತ ಏರಿಸ್ಯಾರ, ಕೊನೀ ಸರ್ತಿ ಬಾಳ ಹೋಗಿತ್ತು. ಒಂದು ಬಾಟ್ಲಿ. ಇವರೇ ಕೊಟ್ಟಿದ್ರು. ಗುಂಪು ಒಂದೇ ಅಲ್ಲರಿ," ಅಂದಳು. ದನಿ ರೊಟ್ಟಿಯ ಲೆಕ್ಕ ಹೇಳುವಷ್ಟೇ ಸಪಾಟಾಗಿತ್ತು. "ಗರ್ಭ ನಾಕು."

"ನಾಕು," ಅಂದಳು ಸಂಯೋಜಕಿ ಬರೆದುಕೊಳ್ಳುತ್ತಾ. "ಮಕ್ಕಳು?"

"ಒಂದು."

ಅರ್ಜುಮಂದ್ ಯಂತ್ರದ ಮೇಲಿದ್ದ ಕೈಯನ್ನು ಅಲ್ಲೇ ಬಿಟ್ಟಳು. ಗದ್ದೆಪ್ಪ ಫ್ಯಾನು ನೋಡತೊಡಗಿದ. ಕೊಳವೆಯಲ್ಲಿ ರಕ್ತ ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿತ್ತು.

"ಉಳಿದ ಮೂರು ತಾವಾಗೇ ಹೋದವೇನ್ರೀ ಮೇಡಮ್?"

"ಅದಕ್ಕೂ ಕಾಲಮ್ ಐತೇನ್ರೀ?"

"ಅದರಿ."

"ಹಂಗಾರ ಅದನ್ನ ಇವರಿಗೇ ಕೇಳ್ರಿ," ಅಂದು ಅಶ್ವಿನಿ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಮಾತಾಡುವವರೆಗೂ ಹಿಡಿದೇ ಇರುವ ಹಾಗೆ, ಮೊಣಕೈಯನ್ನು ಕುರ್ಚಿಯ ತೋಳಿಗೆ ಆನಿಸಿಕೊಂಡಳು.